ಹರಿಯದ ಪರದೆಯ ಅಗಲ

ಸೊಳ್ಳೆ ಪರದೆಯ ತೂತು ಅಳೆಯುವುದಕ್ಕೆ ಟೇಪು ಬೇಕಿಲ್ಲ. ಹೆಬ್ಬೆರಳು ತೂರದಿದ್ದರೆ ಅದು ಒಂದನೆಯ ದರ್ಜೆಯ ತೂತು. ಹೆಬ್ಬೆರಳು ತೂರಿ ಮುಷ್ಟಿ ತೂರದಿದ್ದರೆ ಎರಡನೆಯದು. ಮುಷ್ಟಿ ತೂರಿ ತಲೆ ತೂರದಿದ್ದರೆ ಮೂರನೆಯದು. ತಲೆಯೂ ತೂರಿದರೆ ನಾಲ್ಕನೆಯದು; ಅಂಥ ಪರದೆಯನ್ನು ಎಸೆಯಬೇಕು. ಪರದೆ ಪರೀಕ್ಷಾ ಕೇಂದ್ರದ ಕ್ಷೇತ್ರ ಸಹಾಯಕಿ ಜಲಜಾಕ್ಷಿ ಶೆಟ್ಟಿಗಾರ್ ಇಪ್ಪತ್ತಾರು ವರ್ಷಗಳಿಂದ ಮಂಗಳೂರಿನ ಸುತ್ತಮುತ್ತ ಹೀಗೆ ಕಂಡವರ ಪರದೆಗಳಿಗೆ ಬೆರಳು, ಮುಷ್ಟಿ, ತಲೆ ತೂರಿಸುತ್ತ ಬಂದಿದ್ದರು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮೊಣಕಾಲು ಆಗಲೇ ನಿವೃತ್ತವಾಗಿತ್ತು.

ಕಳೆದ ಮೂರು ವರ್ಷಗಳಿಂದ ಅವರ ಹೆಬ್ಬೆರಳಿಗೆ ಕೆಲಸವಿರಲಿಲ್ಲ. ಪರದೆಗಳಲ್ಲಿ ತೂತುಗಳೇ ಇರುತ್ತಿರಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾ. ಅನಿರುದ್ಧ ಕೆದಿಲಾಯ ರೂಪಿಸಿದ ಕೂಡುನೂಲು ನೋಡುವುದಕ್ಕೆ ಮಾಮೂಲಿ ಪಾಲಿಯೆಸ್ಟರ್ ನೂಲಿನಂತೆಯೇ ಇತ್ತು. ಅದಕ್ಕೆ ಎರಡು ಪದರ. ಒಳಗಿನ ಎಳೆಯನ್ನು ತಯಾರಿಸುವಾಗಲೇ ಎಳೆದು ಹಿಡಿದು ತಣಿಸಿರುತ್ತಾರೆ. ರಬ್ಬರನ್ನು ಎಳೆದು, ಎಳೆದಲ್ಲಿಯೇ ಗಟ್ಟಿ ಮಾಡಿದಂತೆ. ಅಕ್ಕಪಕ್ಕದ ನೂಲುಗಳು ಒಂದನ್ನೊಂದು ಹಿಡಿದುಕೊಂಡಿರುವವರೆಗೆ ಅದು ತೆಪ್ಪಗಿರುತ್ತದೆ. ಒಂದು ನೂಲು ತುಂಡಾದರೆ ಹಿಡಿತ ತಪ್ಪಿ ಸುತ್ತಲಿನ ನೂಲುಗಳು ಕುಗ್ಗುತ್ತವೆ, ತುಂಡಾದ ತುದಿಗಳು ಹತ್ತಿರ ಬರುತ್ತವೆ. ಮೂವತ್ತೆಂಟು ಡಿಗ್ರಿ ಬಿಸಿ ತಗುಲಿದರೆ ಹೊರಪದರ ಮೆತ್ತಗಾಗಿ ತುದಿಗಳು ಅಂಟಿಕೊಳ್ಳುತ್ತವೆ. ತಗಡಿನ ಶೆಡ್ಡಿನ ಒಂದು ಮಧ್ಯಾಹ್ನದ ಕಾವು ಸಾಕು. ತೂತಿದ್ದ ಜಾಗದಲ್ಲಿ ರಾಗಿ ಕಾಳಿನಷ್ಟು ಗಂಟು ಉಳಿಯುತ್ತದೆ. ನೂಲಿನೊಳಗಿನ ಕೀಟನಾಶಕಕ್ಕೆ ಏನೂ ಆಗುವುದಿಲ್ಲ.

ಮಾಮೂಲಿ ಪರದೆಗೆ ಮೂರು ವರ್ಷ ಬಾಳಿಕೆ ಎಂಬುದು ಕಾಗದದ ಮಾತು. ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಅದು ಹದಿನೆಂಟು ತಿಂಗಳಿಗೇ ಜಾಳುಜಾಳಾಗುತ್ತದೆ. ಮೊಳೆ, ಕಂಬಿಯ ತುದಿ, ಇಲಿ, ಒಲೆಯ ಕಿಡಿ, ಮಕ್ಕಳ ಕಾಲು. ಕೂಡುನೂಲಿನ ಪರದೆಗಳನ್ನು ಪ್ರಯೋಗಕ್ಕೆಂದು ನಾನೂರ ಹನ್ನೆರಡು ಮನೆಗಳಿಗೆ ಹಂಚಿ ಮೂರು ವರ್ಷವಾಗಿತ್ತು. ವರದಿಗೆ ಸೇರಿದ ಮುನ್ನೂರ ಹದಿನೈದರಲ್ಲಿ ಮುನ್ನೂರ ಒಂಬತ್ತಕ್ಕೆ ತೂತು ಸೊನ್ನೆ. ಇದೇ ಗತಿಯಲ್ಲಿ ಎಂಟು ವರ್ಷ ಬಾಳುತ್ತದೆ ಎಂದು ಕೇಂದ್ರ ಬರೆದಿತ್ತು. ಆ ತಿಂಗಳ ಇಪ್ಪತ್ತೆಂಟಕ್ಕೆ ಸರಕಾರದ ಪರದೆ ಹಂಚಿಕೆ ಸಮಿತಿಯ ಸಭೆ. ಸಮಿತಿ ಒಪ್ಪಿದರೆ, ಮೂರು ವರ್ಷಕ್ಕೊಮ್ಮೆ ಪರದೆ ಹಂಚುವ ಪದ್ಧತಿ ನಿಂತು ಎಂಟು ವರ್ಷಕ್ಕೊಮ್ಮೆ ಎಂದಾಗುತ್ತಿತ್ತು.

ಹನ್ನೆರಡನೆಯ ತಾರೀಕು ಬೆಳಿಗ್ಗೆ ಜಲಜಾಕ್ಷಿ ಒಂದು ಹಾಳೆಯನ್ನು ಕೆದಿಲಾಯರ ಮೇಜಿನ ಮೇಲಿಟ್ಟರು. ನದಿಯಾಚೆಯ ಕಾರ್ಮಿಕರ ಕ್ಯಾಂಪಿನಲ್ಲಿ ಮಲೇರಿಯಾ ಪರೀಕ್ಷೆಗೆ ರಕ್ತದ ಲೇಪನ ತೆಗೆಯುವ ಆಶಾ ಕಾರ್ಯಕರ್ತೆ ಐರಿನ್ ಕೊಟ್ಟ ಪಟ್ಟಿ ಅದು. ಎರಡು ತಿಂಗಳಲ್ಲಿ ಹದಿನಾಲ್ಕು ಮಲೇರಿಯಾ. ಅದರಲ್ಲಿ ಹನ್ನೊಂದು ಮಂದಿ ಹೆಂಗಸರು.

"ಎಲ್ಲ ನಮ್ಮ ಪರದೆಯ ಮನೆಯವರೇ ಸರ್."

ಕೆದಿಲಾಯರಿಗೆ ನಲವತ್ತೊಂದು ವರ್ಷ. ಹಾಳೆಯನ್ನು ಎರಡು ಸಲ ಓದಿದರು. "ಪರದೆ ತೂತಾಗಿದೆಯಾ?"

"ಇಲ್ಲ."

"ಮತ್ತೆ ಸೊಳ್ಳೆ ಎಲ್ಲಿಂದ ಹೋಗ್ತದೆ ಜಲಜಕ್ಕ? ಸಂಜೆ ಹೊರಗೆ ಕೂತಿರುವಾಗ ಕಚ್ಚಿರಬಹುದು. ಊರಿಗೆ ಹೋಗಿ ಬಂದಿರಬಹುದು."

"ಹನ್ನೊಂದು ಜನ ಹೆಂಗಸರು ಮಾತ್ರ ಊರಿಗೆ ಹೋಗಿ ಬಂದದ್ದಾ?"

ಅವರು ಹಾಳೆಯನ್ನು ಹಿಂದಕ್ಕೆ ಕೊಟ್ಟರು. "ಒಮ್ಮೆ ನೋಡಿ ಬನ್ನಿ. ಸಭೆಯಲ್ಲಿ ಯಾರಾದರೂ ಕೇಳಿಯಾರು" ಎಂದರು.

*

ಕ್ಯಾಂಪು ಇಪ್ಪತ್ತೆರಡು ಅಂತಸ್ತಿನ ಕಟ್ಟಡವೊಂದರ ಹಿಂದಿತ್ತು. ನಲವತ್ತು ತಗಡಿನ ಶೆಡ್ಡುಗಳು. ಹೆಚ್ಚಿನವರು ಕೊಪ್ಪಳದ ಕಡೆಯವರು. ಪಕ್ಕದ ನೆಲಮಟ್ಟದ ಸ್ಲ್ಯಾಬಿನ ಮೇಲೆ, ಕಾಂಕ್ರೀಟು ಗಟ್ಟಿಯಾಗಲೆಂದು ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಮಲೇರಿಯಾದ ಸೊಳ್ಳೆಗೆ ಇಂಥ ತಿಳಿನೀರೇ ಬೇಕು.

ಮೂರನೆಯ ಶೆಡ್ಡಿನ ಮುಂದೆ ಹುಲಿಗೆವ್ವ ಕೂತು ಕೌದಿ ಹೊಲಿಯುತ್ತಿದ್ದಳು. ಇಪ್ಪತ್ತಾರರ ಹೆಣ್ಣು, ಕಣ್ಣಿನ ಕೆಳಗೆ ಬಿಳಿಚಿಕೊಂಡಿತ್ತು. ಐರಿನಳ ಪಟ್ಟಿಯಲ್ಲಿ ಅವಳ ಹೆಸರು ಎರಡು ಸಲ ಬಂದಿತ್ತು. ಪಕ್ಕದಲ್ಲಿ ಅವಳ ಅತ್ತೆ ಗಾಳೆವ್ವ, ಗೋಡೆಗೊರಗಿ ಎಲೆ ಜಗಿಯುತ್ತಿದ್ದಳು.

"ಬರ್ರಿ ಅಕ್ಕಾರ. ಮತ್ತ ಬೆರಳ ತೂರ್ಸಾಕ ಬಂದ್ರೇನ್ರಿ?" ಎಂದಳು ಹುಲಿಗೆವ್ವ.

"ಈ ಅಕ್ಕಗ ಮನ್ಯಾಗ ಗಂಡ ಉಣ್ಣಾಕ ಹಾಕ್ತಾನೊ ಇಲ್ಲೊ," ಗಾಳೆವ್ವ ಯಾರಿಗೂ ಅಲ್ಲವೆಂಬಂತೆ ಹೇಳಿದಳು, "ವರ್ಷಕ್ಕ ಎಲ್ಡ ಸಲ ಬಂದು ನಮ್ಮ ಪರದ್ಯಾಗ ತಲಿ ಹಾಕ್ತಾಳ."

"ಗಂಡ ಹಾಕ್ತಾನೆ ಅಮ್ಮ. ಸರಕಾರ ಹಾಕುದಿಲ್ಲ, ಅದಕ್ಕೆ ಬಂದದ್ದು" ಎಂದು ಜಲಜಾಕ್ಷಿ ಮೊಣಕಾಲು ಹಿಡಿದುಕೊಂಡು ಕುಳಿತು ಫಾರಂ ತೆಗೆದರು. "ನಿನ್ನೆ ರಾತ್ರಿ ಪರದೆಯ ಒಳಗೆ ಎಷ್ಟು ಜನ ಮಲಗಿದ್ರಿ?"

"ಐದೂ ಮಂದಿ ರೀ." ಹುಲಿಗೆವ್ವ, ಕಂಬಿ ಕಟ್ಟುವ ಗಂಡ ಮಾರುತೆಪ್ಪ, ಏಳು ಮತ್ತು ನಾಲ್ಕು ವರ್ಷದ ಇಬ್ಬರು ಹೆಣ್ಣುಮಕ್ಕಳು, ಅತ್ತೆ. ಹೋದ ಸಲವೂ ಅದೇ ಉತ್ತರ ಬಂದಿತ್ತು.

"ಐದೂವರಿ ಅನ್ನವಾ" ಎಂದಳು ಗಾಳೆವ್ವ. "ಹೊಟ್ಯಾಗಿಂದು ಯಾರ ಎಣಸ್ತಾರ?"

"ಸುಮ್ಕಿರಬೇ ಅತ್ತಿ."

"ಯಾಕ ಸುಮ್ಕಿರ್ಲಿ? ಐದ ತಿಂಗಳಾತು. ಬರಕೊಳ್ರಿ ಅಕ್ಕ."

ಫಾರಂನಲ್ಲಿ ಅರ್ಧ ಬರೆಯುವುದಕ್ಕೆ ಜಾಗವಿರಲಿಲ್ಲ. ಜಲಜಾಕ್ಷಿ ಒಳಗೆ ಹೋಗಿ, ಮಡಚಿ ಕಟ್ಟಿದ್ದ ಪರದೆಯನ್ನು ಬಿಚ್ಚಿದರು. ಅಂಗೈ ಆಡಿಸಿದರು. ತೂತಿಲ್ಲ. ಬೆರಳಿಗೆ ಗಂಟುಗಳು ಸಿಕ್ಕವು, ಹೆಪ್ಪುಗಟ್ಟಿದ ರವೆಯಂತೆ. ಕೆಳಗೆ ಸುತ್ತಲೂ ಎರಡು ಗೇಣು ಅಗಲದ ಸೀರೆಯ ತುಂಡುಗಳು, ಕೆಂಪು, ಹಸಿರು, ಕೌದಿಗೆ ಹಾಕುವ ಒತ್ತೊತ್ತಾದ ಹೊಲಿಗೆಯಲ್ಲಿ ಜೋಡಿಸಿದ್ದವು. ಜಲಜಾಕ್ಷಿಯ ಪೆನ್ನು ಅಭ್ಯಾಸಬಲದಿಂದ ಕೊನೆಯ ಅಂಕಣಕ್ಕೆ ಹೋಯಿತು. ಬಳಕೆದಾರರು ಕತ್ತರಿಸಿದ, ಹೊಲಿದ ಪರದೆಯನ್ನು ಪ್ರಯೋಗದ ಫಲಿತಾಂಶಕ್ಕೆ ಸೇರಿಸುವಂತಿಲ್ಲ. ಅಂಥಲ್ಲಿ 'ಮಾರ್ಪಡಿಸಿದ್ದು, ಕೈಬಿಟ್ಟಿದೆ' ಎಂದು ಬರೆಯಬೇಕು. ಹೋದ ಸಲ ಹಾಗೇ ಬರೆದಿದ್ದರು.

'ಮಾ' ಎಂದು ಬರೆದವರು ನಿಲ್ಲಿಸಿದರು.

"ಇದಕ್ಕೆ ಸೀರೆ ಎಂತಕ್ಕೆ ಹಚ್ಚಿದ್ದು ಮಾರಾಯ್ತಿ?"

ಹುಲಿಗೆವ್ವ ಬಾಗಿಲಲ್ಲಿ ನಿಂತಿದ್ದಳು. "ಛಂದ ಕಾಣ್ಲಿ ಅಂತ್ರಿ."

"ಐದು ಜನ ಒಮ್ಮೆ ಮಲಗಿ ತೋರಿಸಿ."

ಮಕ್ಕಳಿಬ್ಬರೂ ಆಟವೆಂದುಕೊಂಡು ಪರದೆಯೊಳಗೆ ನುಗ್ಗಿ ಬಿದ್ದುಕೊಂಡರು. ಗಾಳೆವ್ವ ಗೊಣಗುತ್ತ ಅವರ ಪಕ್ಕ ಸೇರಿದಳು. ಹುಲಿಗೆವ್ವ ಅಂಚಿನಲ್ಲಿ ಕುಳಿತಳು, ಮಲಗುವುದಕ್ಕೆ ಜಾಗವಿರಲಿಲ್ಲ. ಕುಳಿತವಳ ಬೆನ್ನು ಪರದೆಯನ್ನು ಹೊರಕ್ಕೆ ದೂಡುತ್ತಿತ್ತು. ಮಾರುತೆಪ್ಪನಿಗೆ ಬದಲಾಗಿ ಯಾರನ್ನೂ ಕರೆಯುವ ಅಗತ್ಯ ಬೀಳಲಿಲ್ಲ.

"ಐದು ಮಂದಿ ಹೊಕ್ರ ಇದು ಪರದಿ ಅಲ್ಲವಾ, ಜ್ವಾಳದ ಚೀಲ" ಎಂದಳು ಗಾಳೆವ್ವ ಒಳಗಿನಿಂದ. "ನನ್ನ ಮಗ ಮ್ಯಾಲ ಹದಿನೈದನೇ ಸ್ಲ್ಯಾಬಿಗೆ ಹೊಕ್ಕಾನ, ಅಲ್ಲಿ ಗಾಳಿ ಐತಿ. ಇಕಿ ಒಲಿ ಬಲ್ಲಿ ಮಲಗ್ತಾಳ. ನಸುಕಿನ್ಯಾಗ ಎದ್ದು ರೊಟ್ಟಿ ಬಡಿಬೇಕಲ್ಲ, ಒಳಗಿಂದ ಎದ್ರ ಸೊಳ್ಳಿ ಹೊಕ್ತಾವು ಅಂತಾಳ. ಎಷ್ಟ ಹೇಳಿದ್ರೂ ಕೇಳಂಗಿಲ್ಲ."

ಜಲಜಾಕ್ಷಿ ಚೀಲದಿಂದ ಟೇಪು ತೆಗೆದರು. ಹಂಚುವಾಗ ಪರದೆಯ ಅಗಲ ನೂರ ಎಂಬತ್ತು ಸೆಂಟಿಮೀಟರ್. ಈಗ ಸೀರೆಯ ಹೊಲಿಗೆಯ ಹತ್ತಿರ ನೂರ ಹದಿನೆಂಟು. ಎತ್ತರವೂ ಇಳಿದಿತ್ತು. ಮೂರು ವರ್ಷದಲ್ಲಿ ಆರು ಸಲ ಈ ಪರದೆಯನ್ನು ಮುಟ್ಟಿ ನೋಡಿದ್ದರೂ ಟೇಪು ಹಿಡಿದದ್ದು ಇದೇ ಮೊದಲು. ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ.

"ಯಾವಾಗಿಂದ ಹೀಗೆ?"

ಹುಲಿಗೆವ್ವ ತಲೆ ತಗ್ಗಿಸಿದಳು. "ತಪ್ಪ ನಂದ ರೀ ಅಕ್ಕಾರ. ಮೊದಲನೇ ಮಳಿಗಾಲದಾಗ ಕೂಸು ವಾಂತಿ ಮಾಡಿತ್ರಿ ಇದರಾಗ. ಬಿಸಿನೀರಾಗ ಅದ್ದಿಬಿಟ್ಟೆ. ಬಿಸಿನೀರಿಗೆ ಹಾಕಬ್ಯಾಡ್ರಿ, ಕೆಡ್ತೈತಿ ಅಂತ ನೀವ ಹೇಳಿದ್ರಿ. ಅವತ್ತಿಂದ ಸಣ್ಣ ಆಗಾಕತ್ತೇತಿ. ಹೇಳಿದ್ರ ಕಸ್ಗೊಂಡು ಹೊಕ್ಕೀರಿ ಅಂತ…"

"ಸೀರೆ?"

"ನೆಲಕ್ಕ ಮುಟ್ಟವಲ್ದಾಗಿತ್ರಿ. ಕೆಳಗಿಂದ ಸೊಳ್ಳಿ ಬರಾಕತ್ತು. ಅಂಚಿಗೆ ಸೂಜಿ ಇಳಿಯಂಗಿಲ್ಲ, ಕಲ್ಲ ಆಗೇತಿ. ಅದಕ್ಕ ಅಂಚು ಕತ್ತರಿಸಿ ತಗದು ಹಚ್ಚಿದೆ. ನಾ ಹಚ್ಚಿದ್ದು ನೋಡಿ ಎಲ್ಲಾರೂ ಹಚ್ಚಿಸ್ಕೊಂಡ್ರು. ಆದ್ರ ಅಂಚು ತಗದ ಮ್ಯಾಲ ಇನ್ನೂ ಜಲ್ದಿ ಸಣ್ಣ ಆಗಾಕತ್ತೇತ್ರಿ."

ಕಾರ್ಖಾನೆಯಲ್ಲಿ ಪರದೆಯ ಅಂಚನ್ನು ಕಾಯಿಸಿ ಬೆಸೆದಿರುತ್ತಾರೆ, ನೂಲಿಗೆ ಅಲ್ಲಿಗೆ ಪರದೆ ಮುಗಿಯಿತೆಂದು ಗೊತ್ತಾಗುವಂತೆ. ಅಂಚು ಕತ್ತರಿಸಿದರೆ ಸುತ್ತಲೂ ತುಂಡಾದ ತುದಿಗಳೇ. ಅವು ಸೇರಿಕೊಳ್ಳುವುದಕ್ಕೆ ಆಚೆ ಬದಿಯನ್ನು ಹುಡುಕುತ್ತ ಒಳಕ್ಕೆ ಎಳೆಯುತ್ತಲೇ ಇರುತ್ತವೆ. ಆಚೆ ಬದಿಯಲ್ಲಿದ್ದದ್ದು ಸೀರೆ.

ಜಲಜಾಕ್ಷಿ ಉಳಿದ ಶೆಡ್ಡುಗಳಿಗೂ ಹೋದರು. ಪ್ರತಿ ಶೆಡ್ಡಿನಲ್ಲೂ ಪರದೆ ಸಣ್ಣದಾಗಿತ್ತು. ಪ್ರತಿ ಶೆಡ್ಡಿನಲ್ಲೂ ಒಬ್ಬ ಹೆಂಗಸು ಅದು ತನ್ನ ತಪ್ಪೆಂದು ನಂಬಿದ್ದಳು. ಒಬ್ಬಳು ಬಿಸಿಲಿಗೆ ಒಣಹಾಕಿದ್ದಳು, ಒಬ್ಬಳು ಸೋಡಾಪುಡಿಯಲ್ಲಿ ಒಗೆದಿದ್ದಳು, ಒಬ್ಬಳು ಅದರ ಮೇಲೆ ಮೆಣಸಿನಕಾಯಿ ಹರವಿದ್ದಳು. ಅಕ್ಕಪಕ್ಕದಲ್ಲಿದ್ದೂ ಯಾರೂ ಯಾರಿಗೂ ಹೇಳಿರಲಿಲ್ಲ. ಹೊಲಿಗೆಯನ್ನು ಮಾತ್ರ ಕಲಿಸಿಕೊಂಡಿದ್ದರು.

ಹೊರಡುವ ಮೊದಲು ಹುಲಿಗೆವ್ವನ ಪರದೆಯ ಗಂಟುಗಳನ್ನು ಎಣಿಸಿದರು. ಗಾಳೆವ್ವ ಒಂದು ಬದಿ, ಜಲಜಾಕ್ಷಿ ಮೂರು ಬದಿ ಮತ್ತು ಮೇಲಿನ ಮಾಡು. ನೂರಕ್ಕೊಮ್ಮೆ ಗಾಳೆವ್ವ ನೆಲಕ್ಕೆ ಒಂದು ಕಲ್ಲು ಹಾಕುತ್ತಿದ್ದಳು. ಒಟ್ಟು ಆರುನೂರ ಹನ್ನೊಂದು.

"ನೀ ಒಳಗೆ ಮಲಗು. ಅತ್ತೆ ಬೇಕಾದರೆ ಹೊರಗೆ ಮಲಗಲಿ" ಎಂದರು ಜಲಜಾಕ್ಷಿ.

"ಅವರಿಗೆ ದಮ್ಮೈತಿ ರೀ" ಎಂದಳು ಹುಲಿಗೆವ್ವ. "ಒಲಿ ಬಲ್ಲಿ ಆಗಂಗಿಲ್ಲ."

*

"ಕತ್ತರಿ ಹಾಕಿದ ಪರದೆ ಜಲಜಕ್ಕ" ಎಂದರು ಕೆದಿಲಾಯ ಮರುದಿನ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಂಚು ತೆಗೆದರೆ ಕುಗ್ಗಿಯೇ ಕುಗ್ಗುತ್ತದೆ. ಅದು ಪರದೆಯ ದೋಷ ಅಲ್ಲ. ಸಮಿತಿಯಲ್ಲಿ ಮೊದಲ ಪ್ರಶ್ನೆಯೇ ಅದು ಬರ್ತದೆ."

"ಅಂಚು ತೆಗೆದದ್ದು ಆಮೇಲೆ. ಮೊದಲೇ ಕುಗ್ಗಿತ್ತು."

"ಅದು ಅವರು ಹೇಳಿದ್ದು. ನಾವು ಅಳೆದದ್ದಾ?"

ಅಳೆದಿರಲಿಲ್ಲ.

"ತೂತು ಕೂಡಿಕೊಳ್ಳುವಾಗ ಸ್ವಲ್ಪ ಜಾಗ ಹೋಗ್ತದೆ, ನನಗೆ ಗೊತ್ತುಂಟು. ಅದು ವರದಿಯಲ್ಲೇ ಇದೆ" ಎಂದು ಅವರು ಪುಟ ತೆರೆದು ತೋರಿಸಿದರು. ಪ್ರಯೋಗಾಲಯದಲ್ಲಿ ಪ್ರತಿ ಪರದೆಗೆ ಇಪ್ಪತ್ನಾಲ್ಕು ತೂತು ಮಾಡಿದ್ದರು. ವಿಸ್ತೀರ್ಣದಲ್ಲಿ ಆದ ನಷ್ಟ ನೂರಕ್ಕೆ ಒಂದೂವರೆ ಚಿಲ್ಲರೆ. ನಗಣ್ಯ ಎಂದು ಬರೆದಿತ್ತು.

"ಅಲ್ಲಿ ಆರುನೂರ ಹನ್ನೊಂದು ಗಂಟು ಉಂಟು ಸರ್."

"ಆರುನೂರು ಸಲ ಯಾರು ಹರೀತಾರೆ ಒಂದು ಪರದೆಯನ್ನು?"

ಅವರು ನಿಜವಾಗಿಯೂ ಕೇಳುತ್ತಿದ್ದರು. ಜಲಜಾಕ್ಷಿಗೆ ಶೆಡ್ಡಿನ ತಗಡಿನ ಅಂಚು, ಮಾರುತೆಪ್ಪ ದಿಂಬಿನ ಬಳಿ ಇಡುವ ಕಂಬಿ ಬಗ್ಗಿಸುವ ಕೊಕ್ಕೆ, ಇಲಿಯ ಹಿಕ್ಕೆ ಎಲ್ಲ ನೆನಪಿಗೆ ಬಂದವು. ಮೂರು ವರ್ಷಕ್ಕೆ ಸಾವಿರ ಚಿಲ್ಲರೆ ದಿನ. ಎರಡು ದಿನಕ್ಕೊಂದು ತೂತು ಎಂದರೆ ಅಂಥ ಮನೆಗೆ ಹೆಚ್ಚೇನೂ ಆಗಲಿಲ್ಲ.

"ಅಂಚು ಕತ್ತರಿಸದೆ ಇದ್ದು, ಅಷ್ಟು ಸಲ ಹರಿದ ಪರದೆ ಒಂದನ್ನು ತಂದು ತೋರಿಸಿ. ನಾನೇ ಅಳೆಯುತ್ತೇನೆ" ಎಂದರು ಕೆದಿಲಾಯ.

ಅಂಥ ಪರದೆ ಇರಲಿಲ್ಲ. ಜಲಜಾಕ್ಷಿ ಕಡತಗಳನ್ನು ತೆರೆದು ಕೂತರು. ಹಂಚಿದ ನಾನೂರ ಹನ್ನೆರಡರಲ್ಲಿ ತೊಂಬತ್ತೇಳನ್ನು ಕೈಬಿಟ್ಟಿದ್ದರು. ತೊಂಬತ್ತು ಮೂರು ಕಾರ್ಮಿಕ ಕ್ಯಾಂಪುಗಳವು. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ಹೋದವರ ಜೊತೆ ಹೊಲಿಗೆಯೂ ಹೋಗಿತ್ತು. ಉಳಿದ ಮುನ್ನೂರ ಹದಿನೈದು ಮಂಚವಿರುವ, ಸುಣ್ಣ ಬಳಿದ ಗೋಡೆಯಿರುವ ಮನೆಗಳು. ಅಲ್ಲಿ ಪರದೆ ವರ್ಷಕ್ಕೆ ಐದಾರು ಸಲ ಹರಿದರೆ ಹೆಚ್ಚು. 'ಮಾರ್ಪಡಿಸಿದ್ದು, ಕೈಬಿಟ್ಟಿದೆ' ಎಂಬ ತೊಂಬತ್ತೇಳು ಸಾಲುಗಳ ಕೆಳಗೂ ಒಂದೇ ಸಹಿ ಇತ್ತು. ಅವರದೇ.

"ಆ ಹುಡುಗಿಗೆ ಬೇರೆ ಪರದೆ ಕೊಡಬಹುದಾ ಸರ್? ಬಸುರಿ."

"ಇಪ್ಪತ್ತೆಂಟು ಕಳೀಲಿ. ಪ್ರಯೋಗದ ಕ್ಯಾಂಪಿನೊಳಗೆ ಬೇರೆ ಪರದೆ ಹೋದರೆ ಇಡೀ ಕ್ಯಾಂಪನ್ನೇ, ನಿಮ್ಮ ಈ ಮಲೇರಿಯಾ ಪಟ್ಟಿಯ ಸಮೇತ, ಕೈಬಿಡಬೇಕಾಗ್ತದೆ. ಆಗ ನಿಮ್ಮ ಕೈಯಲ್ಲಿ ಹೇಳ್ಲಿಕ್ಕೂ ಏನೂ ಉಳಿಯುದಿಲ್ಲ."

ಹದಿನೈದು ದಿನ.

*

ಆ ಸಂಜೆ ಜಲಜಾಕ್ಷಿ ಮನೆಯಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು ಮಂಚದ ಪರದೆ ಬಿಚ್ಚುತ್ತಿದ್ದರು. ಸಿಬ್ಬಂದಿಗೂ ಪ್ರಯೋಗಕ್ಕೆಂದು ಒಂದೊಂದು ಕೊಟ್ಟಿದ್ದರು; ಹುಲಿಗೆವ್ವನ ಪರದೆಯ ಜೊತೆಗೇ ತಯಾರಾದದ್ದು. ಗಂಡ ಉಮಾನಾಥ, ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಈಗ ಮನೆಯಲ್ಲಿರುವವರು, ಕುರ್ಚಿ ಹಿಡಿದುಕೊಂಡಿದ್ದರು.

"ಬೀಳ್ಬೇಡ ಮಾರಾಯ್ತಿ. ಬಿದ್ದರೆ ನಿನ್ನ ಎತ್ತಲಿಕ್ಕೆ ನನ್ನಿಂದಾಗುದಿಲ್ಲ, ಫೈರ್ ಇಂಜಿನ್ನೇ ಬರಬೇಕು."

ನೆಲಕ್ಕೆ ಹಾಸಿ ಅಳೆದರು. ನೂರ ಎಪ್ಪತ್ತೊಂಬತ್ತು. ಗಂಟುಗಳು ಹದಿನಾಲ್ಕು.

ಜಲಜಾಕ್ಷಿಯ ತಂದೆ ಕೈಮಗ್ಗದಲ್ಲಿ ಉಡುಪಿ ಸೀರೆ ನೇಯುತ್ತಿದ್ದವರು. ಹಾಸಿನ ನೂಲು ಕಡಿದಲ್ಲಿ, ಬಾಲಕಿ ಜಲಜಾಕ್ಷಿ ಅಕ್ಕಪಕ್ಕದ ಎಳೆಗಳನ್ನು ಸರಿಸಿ ಸಂದು ಕಾಣದಂತೆ ಮುಚ್ಚಿ ಜಾಣತನ ತೋರಿಸುತ್ತಿದ್ದಳು. ತಂದೆ ಮುಚ್ಚಿದ ಜಾಗವನ್ನು ನೋಡುತ್ತಿರಲಿಲ್ಲ. ಸೀದಾ ಸೀರೆಯ ಪನ್ನ, ಅಂದರೆ ಅಗಲ ಅಳೆದು, "ಎಲ್ಲಿಂದ ಎಳೆದೆ?" ಎಂದು ಕೇಳುತ್ತಿದ್ದರು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಆ ಪ್ರಶ್ನೆ ತನಗೆ ಒಮ್ಮೆಯೂ ನೆನಪಾಗಲಿಲ್ಲವೆಂಬುದು ಅವರಿಗೆ ಈಗ ವಿಚಿತ್ರವಾಗಿ ಕಂಡಿತು.

"ಈ ಪರದೆಯನ್ನು ಆ ಹುಡುಗಿಗೆ ಕೊಡಬಹುದಲ್ಲ?" ವಿಷಯ ಕೇಳಿದ ಮೇಲೆ ಉಮಾನಾಥ ಹೇಳಿದರು. "ಇಲ್ಲದಿದ್ದರೆ ಅಂಗಡಿಯಿಂದ ಒಂದು ತಂದು ಕೊಡುವ. ಅಷ್ಟಕ್ಕೆ ಸರಿಯಾಗುದಿಲ್ವಾ?"

"ಕೊಟ್ಟರೆ ಅವಳೊಬ್ಬಳು ಒಳಗೆ ಮಲಗುತ್ತಾಳೆ. ಕ್ಯಾಂಪು ಪ್ರಯೋಗದಿಂದ ಹೊರಗೆ ಬೀಳ್ತದೆ. ಆಮೇಲೆ ಎಂಟು ವರ್ಷ ಯಾರಿಗೂ ಪರದೆ ಬರುದಿಲ್ಲ."

"ಮತ್ತೆ ಇದನ್ನೆಂತ ಮಾಡ್ತಿ?"

"ಹರೀತೇನೆ."

ತಾರಸಿಯ ಮೇಲಿನ ತಗಡಿನ ಮಾಡಿನ ಕೆಳಗೆ ಪರದೆ ಕಟ್ಟಿದರು. ಹದಿನಾಲ್ಕನೇ ತಾರೀಕಿನಿಂದ ದಿನಕ್ಕೆ ಐವತ್ತು ತೂತು. ಮೊದಲು ಮೊಳೆ, ಆಮೇಲೆ ಮುಷ್ಟಿ ತೂರುವಷ್ಟು ಅಗಲಕ್ಕೆ ಕೈಯಿಂದ ಸೀಳುವುದು. ಗಟ್ಟಿ ನೂಲು, ನಾಲ್ಕನೆಯ ದಿನಕ್ಕೆ ಬೆರಳ ಸಂದು ಹರಿದು ಪಟ್ಟಿ ಸುತ್ತಿಕೊಂಡರು. ಉಮಾನಾಥ ಟಿಕೇಟು ಎಣಿಸಿದಂತೆ ಎಣಿಸಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದರು. "ಮೂವತ್ತೆರಡು, ಮೂವತ್ತಮೂರು. ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಉಂಟು." ಬೆಳಿಗ್ಗೆ ಮಾಡಿದ ತೂತು ಸಂಜೆಗೆ ಮುಚ್ಚಿರುತ್ತಿತ್ತು. ನಿಂತು ನೋಡಿದರೆ ಕಾಣುವಷ್ಟು ವೇಗ ಅದಕ್ಕಿರಲಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಹೆಬ್ಬೆರಳಿನ ಜಾಗ ಕಿರುಬೆರಳಿನದಾಗಿರುತ್ತಿತ್ತು. ಎಂಟನೆಯ ದಿನ ಹಗ್ಗಗಳನ್ನು ಒಂದು ಗೇಣು ಒಳಕ್ಕೆ ಕಟ್ಟಬೇಕಾಯಿತು.

ರಾತ್ರಿ ಇಬ್ಬರೂ ಪರದೆಯಿಲ್ಲದೆ ಫ್ಯಾನಿನ ಕೆಳಗೆ ಮಲಗಿದರು. ಜಲಜಾಕ್ಷಿಗೆ ಚೆನ್ನಾಗಿಯೇ ನಿದ್ದೆ ಬರುತ್ತಿತ್ತು, ಅಷ್ಟು ದಣಿವು.

*

ಇಪ್ಪತ್ತಾರರ ಬೆಳಿಗ್ಗೆ ಪ್ರಯೋಗಾಲಯದ ಉದ್ದ ಮೇಜಿನ ಮೇಲೆ ಪರದೆ ಹಾಸಿತ್ತು. ಅಂಚು ಇಡಿಯಾಗಿತ್ತು, ಕಾರ್ಖಾನೆಯ ಮುದ್ರೆಯೂ ಸ್ಪಷ್ಟವಾಗಿತ್ತು. ಗಂಟು ಆರುನೂರ ಹದಿನಾಲ್ಕು. ಕೆದಿಲಾಯ ಟೇಪನ್ನು ತಾವೇ ಹಿಡಿದರು.

ಅಗಲ ನೂರ ಮೂವತ್ತೇಳು. ಎತ್ತರ ನೂರ ಹದಿನಾಲ್ಕು; ಹಂಚುವಾಗ ನೂರ ಐವತ್ತು. ಅವರು ಇನ್ನೊಮ್ಮೆ ಅಳೆದರು. ಟೇಪನ್ನು ಬದಲಿಸಿ ಮತ್ತೊಮ್ಮೆ ಅಳೆದರು. ಕ್ಯಾಲ್ಕುಲೇಟರ್ ಒತ್ತಿದರು.

"ನೂರಕ್ಕೆ ನಲವತ್ತೆರಡು" ಎಂದರು. "ಒಂದು ತೂತಿಗೆ ಒಂದು ಅಂಗೈಯಷ್ಟು ಜಾಗ. ಇಪ್ಪತ್ನಾಲ್ಕಕ್ಕೂ ಅದೇ ಲೆಕ್ಕ ಇತ್ತು. ನಾನು ಇಪ್ಪತ್ನಾಲ್ಕಕ್ಕೆ ನಿಲ್ಲಿಸಿದೆ."

"ನಾನು ಟೇಪೇ ಹಿಡೀಲಿಲ್ಲ."

"ಆ ತೊಂಬತ್ತೇಳನ್ನೂ ವರದಿಗೆ ಸೇರಿಸುವ." ಅವರು ಸ್ಟೂಲಿನ ಮೇಲೆ ಕುಳಿತರು. ಏಳು ವರ್ಷ ಈ ನೂಲಿನ ಹಿಂದೆ ಬಿದ್ದವರು. "ಎಂಟು ವರ್ಷ ಅಂತ ಬರೆದದ್ದು ಹೋಗ್ತದೆ."

ಆಗ ಜಲಜಾಕ್ಷಿಗೆ ಫೋನು ಬಂತು. ಐರಿನ್.

"ಜಲಜಕ್ಕ, ನಿಮ್ಮ ಮೂರನೇ ಶೆಡ್ಡಿನ ಹುಲಿಗೆವ್ವ. ನಿನ್ನೆಯಿಂದ ಜ್ವರ. ಇವತ್ತು ಬೆಳಿಗ್ಗೆ ಸ್ಲೈಡ್ ನೋಡಿದ್ರೆ ಫಾಲ್ಸಿಪೇರಮ್, ಆ ಕೆಟ್ಟ ಜಾತಿಯ ಮಲೇರಿಯಾ. ದೊಡ್ಡ ಆಸ್ಪತ್ರೆಗೆ ಸೇರಿಸಿ ಈಗಷ್ಟೇ ಹೊರಗೆ ಬಂದೆ. ರಕ್ತ ಏಳು ಗ್ರಾಮೂ ಇಲ್ಲ ಮಾರಾಯ್ರೆ."

ಸೊಳ್ಳೆ ಕಚ್ಚಿದ ಹತ್ತರಿಂದ ಹದಿನಾಲ್ಕು ದಿನಕ್ಕೆ ಜ್ವರ ಕಾಣುತ್ತದೆ. ಜ್ವರ ಶುರುವಾದದ್ದು ಇಪ್ಪತ್ತೈದಕ್ಕೆ. ಅಂದರೆ ಕಚ್ಚಿದ್ದು ಹನ್ನೊಂದು ಮತ್ತು ಹದಿನೈದರ ನಡುವೆ. ಜಲಜಾಕ್ಷಿ ಕ್ಯಾಂಪಿಗೆ ಹೋದದ್ದು ಹನ್ನೆರಡಕ್ಕೆ; ಮನೆಯ ಪರದೆ ಬಿಚ್ಚಿದ್ದು ಹದಿಮೂರಕ್ಕೆ; ಮೊದಲ ಮೊಳೆ ಚುಚ್ಚಿದ್ದು ಹದಿನಾಲ್ಕಕ್ಕೆ. ಅವರು ಹೋಗುವ ಮೊದಲೇ ಕಚ್ಚಿರಬಹುದು. ಹೋಗಿ ಬಂದ ಮೇಲೆಯೂ ಕಚ್ಚಿರಬಹುದು. ಮುಂದಿನ ದಿನಗಳಲ್ಲಿ ಈ ಲೆಕ್ಕವನ್ನು ಅವರು ಎಷ್ಟೋ ಸಲ ಮಾಡಿದರು. ತಾರೀಕುಗಳು ಅದಕ್ಕಿಂತ ಹೆಚ್ಚೇನನ್ನೂ ಹೇಳಲಿಲ್ಲ.

ಇಪ್ಪತ್ತೆಂಟರ ಸಭೆ ಎಂಟು ವರ್ಷದ ಪ್ರಸ್ತಾವವನ್ನು ಮುಂದಕ್ಕೆ ಹಾಕಿತು. ಕೂಡುನೂಲಿನ ಪ್ರಯೋಗ ನಿಂತಿತು. ಕ್ಯಾಂಪುಗಳಿಗೆ ಮಾಮೂಲಿ ಪರದೆ ಕೊಡಬಹುದೆಂದು ಬರೆದು ಕೊಟ್ಟರು. ಪರಿಶೀಲನೆಯ ಫಾರಂನಲ್ಲಿ 'ಅಗಲ' ಎಂಬ ಅಂಕಣವನ್ನು ಸೇರಿಸಬೇಕೆಂಬ ಕೆದಿಲಾಯರ ಸಲಹೆಯನ್ನು ಉಪಸಮಿತಿಗೆ ಒಪ್ಪಿಸಿದರು.

*

ಮುಂದಿನ ತಿಂಗಳ ನಾಲ್ಕಕ್ಕೆ ಜಲಜಾಕ್ಷಿ ಮಾಮೂಲಿ ಪರದೆಗಳ ಕಟ್ಟು ಹೊರಿಸಿಕೊಂಡು ಕ್ಯಾಂಪಿಗೆ ಹೋದರು. ಮೂರನೆಯ ಶೆಡ್ಡಿನ ಬಾಗಿಲಲ್ಲಿ ಹುಲಿಗೆವ್ವ ಗೋಡೆಗೊರಗಿ ಕೂತಿದ್ದಳು. ಹಿಂದಿನ ದಿನ ಆಸ್ಪತ್ರೆಯಿಂದ ಬಿಟ್ಟಿದ್ದರು. ಕೌದಿಯನ್ನು ಹೊದ್ದಿದ್ದಳು, ಮಧ್ಯಾಹ್ನದ ಬಿಸಿಲಲ್ಲೂ.

"ಬರ್ರಿ ಅಕ್ಕಾರ" ಎಂದಳು. ಬೆರಳಿನ ಮಾತು ಬರಲಿಲ್ಲ.

ಒಳಗೆ ಹಳೆಯ ಪರದೆ ಇನ್ನೂ ಕಟ್ಟಿತ್ತು. ಜಲಜಾಕ್ಷಿ ಅದನ್ನು ಬಿಚ್ಚಿ ಮಡಚಿ ಚೀಲಕ್ಕೆ ಹಾಕಿದರು. ಸೀರೆಯ ತುಂಡುಗಳನ್ನು ಬಿಚ್ಚಿಕೊಡಲೇ ಎಂದು ಕೇಳಿದಾಗ ಹುಲಿಗೆವ್ವ ಬೇಡವೆಂದು ತಲೆಯಾಡಿಸಿದಳು.

"ನಿನ್ನ ತಪ್ಪಲ್ಲ ಅದು" ಎಂದರು ಜಲಜಾಕ್ಷಿ. "ಬಿಸಿನೀರಿಂದ ಆದದ್ದಲ್ಲ. ನೂಲೇ ಹಾಗಿತ್ತು. ನಾವು ನೋಡಲಿಲ್ಲ."

ಹುಲಿಗೆವ್ವ ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಹೊಸ ಪರದೆ ಕೊಡುವ ಮೊದಲು ಫಾರಂ ತುಂಬಬೇಕಿತ್ತು. ಮನೆ ಸಂಖ್ಯೆ, ಹೆಸರು, ಒಳಗೆ ಮಲಗುವವರು. ಜಲಜಾಕ್ಷಿ ಪೆನ್ನು ಹಿಡಿದು ಕುಳಿತರು. ಪೆನ್ನು ಮೂರನೆಯ ಸಾಲಿಗೆ ಬಂದು ನಿಂತಿತು. ಗಾಳೆವ್ವ ಫಾರಂ ಅನ್ನೇ ನೋಡುತ್ತಿದ್ದಳು. ಓದು ಬಾರದಿದ್ದರೂ ಮೂರು ವರ್ಷದಲ್ಲಿ ಆ ಸಾಲು ಎಲ್ಲಿದೆಯೆಂದು ಅವಳಿಗೆ ಗೊತ್ತಾಗಿತ್ತು.

"ಐದು ಬರಕೊಳ್ಳವಾ" ಎಂದಳು. "ಬರೇ ಐದು. ಆ ಅರ್ಧ ದವಾಖಾನ್ಯಾಗ ಹೋತು."

ಜಲಜಾಕ್ಷಿ ಐದು ಎಂದು ಬರೆದರು. ಕಟ್ಟಿನಿಂದ ಒಂದು ಪರದೆ ತೆಗೆದು ಕೊಟ್ಟರು. ಹುಲಿಗೆವ್ವ ಅದರ ಒಂದು ಮೂಲೆಯನ್ನು ಬಿಡಿಸಿ, ಎರಡು ಬೆರಳ ನಡುವೆ ನೂಲನ್ನು ತಿಕ್ಕಿ ನೋಡಿದಳು. ಅಂಚನ್ನು ಹಿಡಿದು ಉಗುರಿನಿಂದ ಒತ್ತಿದಳು, ಉಗುರು ಇಳಿಯಿತು.

"ಇದು ಹರಿತೈತೇನ್ರಿ?"

"ಹರೀತದೆ" ಎಂದರು ಜಲಜಾಕ್ಷಿ. "ಇಲ್ಲಿ ಒಂದೂವರೆ ವರ್ಷ ಬಂದರೆ ಹೆಚ್ಚು."

"ಹರಿದಲ್ಲಿ ಹೊಲಕೊಬೌದ್ರಿ?"

"ಹೊಲ್ಕೊಳ್ಳಬಹುದು."

"ಹೊಲದ್ರ ಸಣ್ಣ ಆಗಂಗಿಲ್ಲಲ್ರಿ?"

"ಇಲ್ಲ."

ಹುಲಿಗೆವ್ವ ಪರದೆಯನ್ನು ಮಡಿಲಿಗೆ ಎಳೆದುಕೊಂಡಳು.

"ಹಂಗಾರ ಇದ ಇರ್ಲಿ ಬಿಡ್ರಿ."